ಡಿಸ್ಟಿಲರಿ ಒಂದೇ, ರುಚಿ ಮೂರು: ಸಿಂಗಲ್ ಮಾಲ್ಟ್ ಹೋಲಿಸಿ ನೋಡುವುದು ಹೇಗೆ?

ಸ್ಕಾಚ್ ಕೊಳ್ಳುವವರ ಕಣ್ಣು ಮೊದಲು ಹೋಗುವುದು ವಯಸ್ಸಿನ ಮೇಲೆ. ಹನ್ನೆರಡಕ್ಕಿಂತ ಹದಿನೆಂಟು ವಾಸಿ, ಹದಿನೆಂಟಕ್ಕಿಂತ ಇಪ್ಪತ್ತೈದು ಇನ್ನೂ ವಾಸಿ ಅನ್ನುವ ಲೆಕ್ಕ. ಗ್ಲಾಸ್ ಮುಂದಿಟ್ಟುಕೊಂಡು ಹೋಲಿಸಲು ಕೂತಾಗ ಈ ಲೆಕ್ಕ ಅಷ್ಟೇನೂ ಕೆಲಸಕ್ಕೆ ಬರುವುದಿಲ್ಲ. ಒಂದೇ ಡಿಸ್ಟಿಲರಿಯ ಎರಡು ಬಾಟಲಿಗಳ ರುಚಿ ಬೇರೆಯಾಗಲು ಪೀಪಾಯಿ, ಆಲ್ಕೋಹಾಲ್ ಪ್ರಮಾಣ, ಸೋಸಿದ ರೀತಿ ಹೀಗೆ ಹಲವು ಕಾರಣಗಳಿವೆ. ಎಲ್ಲವೂ ಒಟ್ಟಿಗೆ ಬದಲಾದರೆ ಯಾವುದು ಏನು ಮಾಡಿತು ಅಂತ ಹೇಗೆ ಹೇಳುತ್ತೀರಿ? ಹಾಗಾಗಿ ಒಂದು ಸಲಕ್ಕೆ ಒಂದೇ ವ್ಯತ್ಯಾಸ ಉಳಿಯುವಂತೆ ನೋಡಿಕೊಳ್ಳಿ.

ಮೊದಲು ಲೇಬಲ್ ಓದಿ

2009ರ ಸ್ಕಾಚ್ ವಿಸ್ಕಿ ನಿಯಮಗಳ ಪ್ರಕಾರ ಸಿಂಗಲ್ ಮಾಲ್ಟ್ ಅಂದರೆ ಒಂದೇ ಡಿಸ್ಟಿಲರಿಯಲ್ಲಿ, ಮೊಳಕೆ ಬರಿಸಿದ ಬಾರ್ಲಿಯಿಂದ ಮಾತ್ರ, ತಾಮ್ರದ ಹಂಡೆಯಂಥ ಪಾಟ್ ಸ್ಟಿಲ್‌ನಲ್ಲಿ ಭಟ್ಟಿ ಇಳಿಸಿದ್ದು. ಸ್ಕಾಟ್ಲೆಂಡಿನಲ್ಲೇ ಓಕ್ ಪೀಪಾಯಿಯಲ್ಲಿ ಕನಿಷ್ಠ 3 ವರ್ಷ ಇರಬೇಕು. ಬಾಟಲಿಯಲ್ಲಿ ಆಲ್ಕೋಹಾಲ್ ಶೇ 40ಕ್ಕಿಂತ ಕಡಿಮೆ ಇರಬಾರದು. ಲೇಬಲ್ ಮೇಲಿನ ವಯಸ್ಸು ಆ ಬಾಟಲಿಯಲ್ಲಿ ಸೇರಿರುವ ಅತಿ ಚಿಕ್ಕ ವಿಸ್ಕಿಯದು. 12 ಅಂತ ಬರೆದ ಬಾಟಲಿಯಲ್ಲಿ 15 ವರ್ಷದ್ದೂ ಸ್ವಲ್ಪ ಸೇರಿರಬಹುದು.

ಬಣ್ಣ ನೋಡಿ ಮರುಳಾಗಬೇಡಿ. ಕ್ಯಾರಮೆಲ್ ಬಣ್ಣ ಸೇರಿಸಲು ಕಾನೂನಿನಲ್ಲಿ ಅವಕಾಶ ಇದೆ. ಜರ್ಮನಿಯಲ್ಲಿ ಮಾರುವ ಬಾಟಲಿಯ ಮೇಲೆ ಬಣ್ಣ ಹಾಕಿದ್ದನ್ನು ಬರೆಯಲೇಬೇಕು. ಅಲ್ಲಿಂದ ಯಾರಾದರೂ ಬಾಟಲಿ ತಂದುಕೊಟ್ಟರೆ ಹಿಂಬದಿಯ ಲೇಬಲ್ ಓದಿ, ಮಜಾ ಇರುತ್ತದೆ.

ಇನ್ನು ವಯಸ್ಸು. ಸ್ಕಾಟ್ಲೆಂಡಿನ ತಂಪಿನಲ್ಲಿ ಪೀಪಾಯಿಯಿಂದ ವರ್ಷಕ್ಕೆ ಸುಮಾರು ಶೇ 2ರಷ್ಟು ಆವಿಯಾಗುತ್ತದೆ. ನಮ್ಮ ಬೆಂಗಳೂರಿನ ಅಮೃತ್ ಡಿಸ್ಟಿಲರಿಯಲ್ಲಿ ಅದು ಶೇ 10ರ ಆಸುಪಾಸು. ಅಲ್ಲಿಯ ಹತ್ತು ವರ್ಷ, ಇಲ್ಲಿಯ ಹತ್ತು ವರ್ಷ ಒಂದೇ ಅಲ್ಲ. ಅಷ್ಟೇಕೆ, ಸ್ಕಾಟ್ಲೆಂಡಿನಲ್ಲೇ ದೊಡ್ಡ ಪೀಪಾಯಿಗೂ ಚಿಕ್ಕ ಪೀಪಾಯಿಗೂ ಒಂದೇ ಅಲ್ಲ.

ಯಾವ ಮೂರು?

ಶುರು ಮಾಡುವವರಿಗೆ ನನ್ನ ಆಯ್ಕೆ ಗ್ಲೆನ್‌ಮೊರಾಂಜಿ. ಉತ್ತರ ಹೈಲ್ಯಾಂಡ್ಸ್‌ನ ಟೇನ್ ಊರಿನ ಡಿಸ್ಟಿಲರಿ ಇದು, 1843ರದ್ದು. ಇಲ್ಲಿನ ಸ್ಟಿಲ್‌ಗಳು ಸ್ಕಾಟ್ಲೆಂಡಿನಲ್ಲೇ ಅತಿ ಎತ್ತರದವು. ಕುತ್ತಿಗೆಯೇ 5 ಮೀಟರ್‌ಗಿಂತ ಜಾಸ್ತಿ. ಭಾರವಾದ ಅಂಶಗಳು ಅಷ್ಟು ಎತ್ತರ ಹತ್ತಲಾರದೆ ವಾಪಸ್ ಇಳಿಯುತ್ತವೆ. ಹಾಗಾಗಿ ಸಿಗುವ ಸ್ಪಿರಿಟ್ ಹಗುರ. ಅದರ ಮೇಲೆ ಪೀಪಾಯಿಯ ಗುರುತು ಸ್ಪಷ್ಟವಾಗಿ ಕಾಣುತ್ತದೆ. ಹೋಲಿಕೆಗೆ ಇದಕ್ಕಿಂತ ಅನುಕೂಲ ಏನು ಬೇಕು?

ಮೂರು ಬಾಟಲಿ ಇವು: ಒರಿಜಿನಲ್, ಲಸಾಂಟಾ, ಕ್ವಿಂಟಾ ರುಬಾನ್. ಒರಿಜಿನಲ್ ಪೂರ್ತಿ ಬೋರ್ಬನ್ ಪೀಪಾಯಿಯದು, ಅಂದರೆ ಮೊದಲು ಅಮೆರಿಕದ ಬೋರ್ಬನ್ ವಿಸ್ಕಿ ತುಂಬಿದ್ದ ಪೀಪಾಯಿಯದು. ಅಮೆರಿಕದ ಕಾನೂನು ಬೋರ್ಬನ್‌ಗೆ ಹೊಸ ಪೀಪಾಯಿಯನ್ನೇ ಕೇಳುವುದರಿಂದ ಅಲ್ಲಿ ಒಮ್ಮೆ ಬಳಸಿದವು ಸ್ಕಾಟ್ಲೆಂಡಿಗೆ ಧಾರಾಳವಾಗಿ ಬರುತ್ತವೆ. ಲಸಾಂಟಾ ಬೋರ್ಬನ್ ಪೀಪಾಯಿಯಲ್ಲಿ ಬಲಿತ ಮೇಲೆ ಕೊನೆಯ ಕೆಲವು ವರ್ಷ ಶೆರ್ರಿ ಎಂಬ ವೈನ್‌ನ ಪೀಪಾಯಿಗೆ ಹೋಗುತ್ತದೆ. ಕ್ವಿಂಟಾ ರುಬಾನ್ ಪೋರ್ಟ್ ವೈನ್ ಪೀಪಾಯಿಗೆ. ಒಂದು ಎಚ್ಚರಿಕೆ: ಬಾಟಲಿಯ ಹೆಸರು ಅದೇ ಇದ್ದರೂ ಒಳಗಿನದ್ದು ಬದಲಾಗುತ್ತದೆ. ಒರಿಜಿನಲ್ 2024ರವರೆಗೆ 10 ವರ್ಷದ್ದಾಗಿತ್ತು, ಈಗ 12. ನಿಮ್ಮ ಬಾಟಲಿಯ ಮೇಲೆ ಏನಿದೆಯೋ ಅದನ್ನೇ ನಂಬಿ.

ಕೂರುವ ಮುನ್ನ

ಬಾಯಿ ಅಗಲದ ವಿಸ್ಕಿ ಗ್ಲಾಸ್ ಇಲ್ಲಿ ಬೇಡ, ವಾಸನೆಯೆಲ್ಲ ಹಾರಿಹೋಗುತ್ತದೆ. ಹೊಟ್ಟೆ ಅಗಲ, ಬಾಯಿ ಕಿರಿದು ಇರುವ ಗ್ಲೆನ್‌ಕೇರ್ನ್ ಗ್ಲಾಸ್ ಒಳ್ಳೆಯದು. ಚಿಕ್ಕ ವೈನ್ ಗ್ಲಾಸ್ ಆದರೂ ನಡೆಯುತ್ತದೆ, ಆದರೆ ಮೂರೂ ಒಂದೇ ತರಹದವು ಇರಲಿ. ಊದುಬತ್ತಿ, ಸೆಂಟು, ಅಡುಗೆಮನೆಯಿಂದ ಬರುವ ಬೆಳ್ಳುಳ್ಳಿ ಘಮ ಇವೆಲ್ಲ ದೂರ. ನೆಂಚಿಕೊಳ್ಳಲು ಖಾರದ ಕಡಲೆಬೀಜ, ಚಿಪ್ಸ್ ಸದ್ಯಕ್ಕೆ ಪಕ್ಕಕ್ಕಿಡಿ. ನೀರು, ಸಪ್ಪೆ ಬ್ರೆಡ್ ಸಾಕು. ಐಸ್ ಬೇಡ, ತಣ್ಣಗಾದಷ್ಟೂ ವಾಸನೆ ಮುದುರಿಕೊಳ್ಳುತ್ತದೆ.

ಒಂದೊಂದು ಗ್ಲಾಸಿಗೆ 20 ಎಂಎಲ್. ಒಟ್ಟು 60 ಎಂಎಲ್, ಅಂದರೆ ಎರಡು ಸಣ್ಣ ಪೆಗ್. ಬೈಕ್ ಕೀ ಒಳಗಿಟ್ಟೇ ಶುರು ಮಾಡಿ.

ಲೇಬಲ್ ಕಂಡರೆ ನಾಲಿಗೆ ಸುಳ್ಳು ಹೇಳುತ್ತದೆ. ದುಬಾರಿ ಬಾಟಲಿ ಅಂತ ಗೊತ್ತಿದ್ದರೆ ಇಲ್ಲದ ರುಚಿಯೂ ಸಿಗುತ್ತದೆ. ಗ್ಲಾಸಿನ ಅಡಿಗೆ ಸ್ಟಿಕ್ಕರ್ ಅಂಟಿಸಿ, ಮನೆಯವರ ಕೈಯಲ್ಲಿ ಹಿಂದೆ ಮುಂದೆ ಮಾಡಿಸಿ.

ಮೂಗು, ನಾಲಿಗೆ

ಗ್ಲಾಸನ್ನು ಮೂಗಿಗೆ ತುರುಕಬೇಡಿ. ಗಲ್ಲದ ಹತ್ತಿರ ಹಿಡಿದು ನಿಧಾನವಾಗಿ ಮೇಲೆ ತನ್ನಿ. ಬಾಯಿ ಸ್ವಲ್ಪ ತೆರೆದಿರಲಿ, ಘಾಟು ತಗ್ಗುತ್ತದೆ. ಒಂದನ್ನೇ ಮೂಸುತ್ತಾ ಕೂತರೆ ಮೂಗಿಗೆ ಅದು ಒಗ್ಗಿಹೋಗುತ್ತದೆ. ಒಗ್ಗರಣೆ ಹಾಕುವವರಿಗೆ ಗೊತ್ತಾಗದ ಘಾಟಿಗೆ ಹೊರಗಿನಿಂದ ಬಂದವರು ಕೆಮ್ಮುತ್ತಾರಲ್ವಾ, ಹಾಗೆ. ಒಂದರಿಂದ ಮೂರಕ್ಕೆ, ಮೂರರಿಂದ ಎರಡಕ್ಕೆ ಓಡಾಡುತ್ತಿರಿ.

ಒರಿಜಿನಲ್‌ನಲ್ಲಿ ಕಿತ್ತಳೆ ಸಿಪ್ಪೆ, ವೆನಿಲಾ ಸಿಗಬೇಕು. ಲಸಾಂಟಾದಲ್ಲಿ ಒಣದ್ರಾಕ್ಷಿ. ಕ್ವಿಂಟಾ ರುಬಾನ್‌ನಲ್ಲಿ ಕಪ್ಪು ಚಾಕೊಲೇಟ್, ಹಿಂದೆಯೇ ಒಂದಿಷ್ಟು ಪುದೀನ. ಸಿಗದಿದ್ದರೆ ಬೇಜಾರಿಲ್ಲ, ನಿಮಗೆ ಜೋನಿ ಬೆಲ್ಲ ಅನ್ನಿಸಿದರೆ ಜೋನಿ ಬೆಲ್ಲ ಅಂತಲೇ ಬರೆದುಕೊಳ್ಳಿ. ನಾವು ತಿಂದೇ ಇಲ್ಲದ ಹಣ್ಣಿನ ಹೆಸರನ್ನು ಯಾರದೋ ಪಟ್ಟಿಯಿಂದ ಎತ್ತಿಕೊಳ್ಳುವುದರಲ್ಲಿ ಅರ್ಥವಿಲ್ಲ.

ಮೊದಲ ಗುಟುಕಿಗೆ ಬೆಲೆ ಕೊಡಬೇಡಿ, ಅದು ನಾಲಿಗೆ ಪಳಗಲು. ಎರಡನೆಯದನ್ನು ಬಾಯಲ್ಲಿ ಎಲ್ಲ ಕಡೆ ಓಡಾಡಿಸಿ ನುಂಗಿ. ಒಗರು ಇದೆಯಾ, ಎಣ್ಣೆಯ ಜಿಡ್ಡು ಇದೆಯಾ, ನುಂಗಿದ ಮೇಲೆ ಎಷ್ಟು ಹೊತ್ತು ಉಳಿಯಿತು, ನೋಡಿ.

ನೀರಿನ ಲೆಕ್ಕ

ಹೆಚ್ಚಿನವರು ಎಡವುವುದು ಇಲ್ಲೇ. ಈ ಮೂರರಲ್ಲಿ ಪೀಪಾಯಿ ಮಾತ್ರ ಬೇರೆ ಅಂದುಕೊಂಡಿರಿ, ಆದರೆ ಸಾಮಾನ್ಯವಾಗಿ ಸಿಗುವ ಒರಿಜಿನಲ್ ಶೇ 40, ಲಸಾಂಟಾ ಶೇ 43, ಕ್ವಿಂಟಾ ರುಬಾನ್ ಶೇ 46. ಜಾಸ್ತಿ ಆಲ್ಕೋಹಾಲ್ ಇರುವುದು ಜಾಸ್ತಿ ರುಚಿ ಅನ್ನಿಸುತ್ತದೆ. ಹಾಗಾಗಿ ಎರಡನೇ ಸುತ್ತಿನಲ್ಲಿ ಮೂರನ್ನೂ ಶೇ 40ಕ್ಕೆ ತನ್ನಿ. ಎಂಎಲ್ ಅನ್ನು ಶೇಕಡಾವಾರಿನಿಂದ ಗುಣಿಸಿ 40ರಿಂದ ಭಾಗಿಸಿ. ಬಂದಷ್ಟು ಎಂಎಲ್ ಆಗುವವರೆಗೆ ನೀರು ಹಾಕಿ. ಶೇ 46ರ 20 ಎಂಎಲ್‌ಗೆ 3 ಎಂಎಲ್, ಶೇ 43ರದ್ದಕ್ಕೆ 1.5 ಎಂಎಲ್. ಮೆಡಿಕಲ್ ಶಾಪಿನ ಹೊಸ ಸಿರಿಂಜ್, ಸೂಜಿ ಇಲ್ಲದ್ದು, ಇದಕ್ಕೆ ಹೇಳಿ ಮಾಡಿಸಿದ್ದು. ಬೋರ್‌ವೆಲ್ ನೀರು ಬೇಡ, ಉಪ್ಪಿನಂಶ ಕಡಿಮೆ ಇರುವ ನೀರು ಬಳಸಿ. ಶೇ 60ರ ಗ್ಲೆನ್‌ಫಾರ್ಕ್ಲಾಸ್ 105 ಎಂಬ ವಿಸ್ಕಿ ಆದರೆ 20 ಎಂಎಲ್‌ಗೆ ಪೂರಾ 10 ಎಂಎಲ್ ಬೇಕಾಗುತ್ತದೆ.

ನೀರು ಹಾಕಿದರೆ ವಿಸ್ಕಿ ಕೆಟ್ಟಿತು ಅನ್ನುವವರಿಗೆ ಒಂದು ಮಾತು. 2017ರಲ್ಲಿ ಸ್ವೀಡನ್ನಿನ ಇಬ್ಬರು ವಿಜ್ಞಾನಿಗಳು ಕಂಪ್ಯೂಟರ್ ಲೆಕ್ಕಾಚಾರದಲ್ಲಿ ಕಂಡುಕೊಂಡ ಪ್ರಕಾರ, ಹೊಗೆ ವಾಸನೆ ಕೊಡುವ ಗ್ವಾಯಕಾಲ್ ಎಂಬ ಅಂಶ ನೀರು ಬೆರೆತಾಗ ಮೇಲ್ಪದರಕ್ಕೆ ಬರುತ್ತದೆ. ನೀರು ಬಿದ್ದ ಮೇಲೆ ಸ್ವಲ್ಪ ಮಬ್ಬಾದರೂ ಹೆದರಬೇಡಿ. ತಣಿಸಿ ಸೋಸದ ವಿಸ್ಕಿಯಲ್ಲಿ ಎಣ್ಣೆಯಂಥ ಅಂಶಗಳು ಉಳಿದಿರುತ್ತವೆ, ಅದಕ್ಕೇ ಹಾಗೆ.

ನಿಜಕ್ಕೂ ಗೊತ್ತಾಯಿತಾ?

ಇನ್ನೊಂದು ದಿನ ಈ ಪರೀಕ್ಷೆ ಮಾಡಿ. ಮೂರು ಗ್ಲಾಸಿಗೆ 10 ಎಂಎಲ್‌ನಂತೆ, ಎರಡರಲ್ಲಿ ಒಂದೇ ವಿಸ್ಕಿ, ಒಂದರಲ್ಲಿ ಬೇರೆ. ಬೇರೆಯದು ಯಾವುದು ಹೇಳಿ. ಸುಮ್ನೆ ಊಹಿಸಿದರೂ ಮೂರರಲ್ಲಿ ಒಂದು ಸಲ ಸರಿಯಾಗುತ್ತದೆ. ಬರೀ ಊಹೆಯಿಂದ ಸತತ ಮೂರು ಸಲ ಸರಿ ಬರುವ ಸಾಧ್ಯತೆ 27ರಲ್ಲಿ 1. "ಹಳೇ ಬ್ಯಾಚ್ ಎಷ್ಟು ಚೆನ್ನಾಗಿತ್ತು" ಅಂತ ವಾದಿಸುವವರನ್ನು ಈ ಮೂರು ಗ್ಲಾಸಿನ ಮುಂದೆ ಕೂರಿಸಬೇಕು.

ಕೈ ಪಳಗಿದ ಮೇಲೆ ಹೊಗೆ ವಾಸನೆಯ ವಿಸ್ಕಿಗಳ ಕಡೆ ಹೋಗಿ. ಸ್ಕಾಟ್ಲೆಂಡಿನ ಐಲಾ ದ್ವೀಪದ ಲಫ್ರಾಯ್ಗ್ ಡಿಸ್ಟಿಲರಿಯ 10 ವರ್ಷದ್ದು ಮತ್ತು ಕ್ವಾರ್ಟರ್ ಕ್ಯಾಸ್ಕ್ ಒಳ್ಳೆಯ ಜೋಡಿ. ಎರಡನೆಯದು ಕೊನೆಗೆ ಚಿಕ್ಕ ಪೀಪಾಯಿಯಲ್ಲಿ ಇದ್ದದ್ದು, ಶೇ 48ರದ್ದು. ಹಾಗಾಗಿ ಸಿರಿಂಜ್ ಹತ್ತಿರವೇ ಇರಲಿ. ಎಲ್ಗಿನ್ ಊರಿನ ಗಾರ್ಡನ್ ಅಂಡ್ ಮ್ಯಾಕ್‌ಫೇಲ್‌ನಂಥವರು ಬೇರೆ ಡಿಸ್ಟಿಲರಿಗಳ ವಿಸ್ಕಿಯನ್ನು ತಮ್ಮ ಹೆಸರಲ್ಲಿ ಬಾಟಲಿಗೆ ತುಂಬುತ್ತಾರೆ. ಅದೇ ಡಿಸ್ಟಿಲರಿಯ ಸ್ವಂತ ಬಾಟಲಿಯ ಪಕ್ಕ ಇಟ್ಟು ನೋಡುವುದು ಅದರ ಮುಂದಿನ ಹಂತ.

ತೆರೆದ ಬಾಟಲಿ ನಿಲ್ಲಿಸಿಯೇ ಇಡಿ, ಮಲಗಿಸಿದರೆ ಕಾರ್ಕ್ ಹಾಳಾಗುತ್ತದೆ. ಕಾಲು ಭಾಗಕ್ಕೆ ಇಳಿದ ಬಾಟಲಿಯಲ್ಲಿ ಗಾಳಿ ಆಡಿ ರುಚಿ ಬದಲಾಗುತ್ತದೆ. ಮುಂದಿನ ಹೋಲಿಕೆಗೆ ಬೇಕಿದ್ದರೆ ಅದನ್ನು ಚಿಕ್ಕ ಗಾಜಿನ ಸೀಸೆಗೆ ಕಂಠಪೂರ್ತಿ ತುಂಬಿ, ಹೆಸರು, ತಾರೀಕು ಬರೆದಿಡಿ.