ಮಗು ಚಿಪ್ಸ್ ಬಿಡ್ತಿಲ್ವಾ? ಮೊದಲು ನಿಮ್ಮನೆ ಡಬ್ಬ ತೆಗೆದು ನೋಡಿ

"ನಮ್ಮವನು ಮನೆ ತಿಂಡಿ ಮುಟ್ಟೋದೇ ಇಲ್ಲ ಕಣ್ರೀ, ಪ್ಯಾಕೆಟ್ಟೇ ಆಗ್ಬೇಕು" ಅಂತ ದೂರೋರ ಮನೆಗೆ ಹೋಗಿ ನೋಡಿ. ಟೀಪಾಯ್ ಮೇಲೆ ಬಿಸ್ಕೆಟ್ ಡಬ್ಬ, ಟೀವಿ ಪಕ್ಕ ಮಿಕ್ಸ್ಚರು, ಸೀಬೆಹಣ್ಣು ಮಾತ್ರ ಫ್ರಿಜ್ಜಿನ ಕೆಳಗಿನ ಟ್ರೇಲಿ ಕವರ್ ಸಮೇತ ಬಾಡ್ತಾ ಇರುತ್ತೆ. ಸ್ಕೂಲಿಂದ ಹಸ್ಕೊಂಡು ಬಂದ ಮಗು ಕೈಗೆ ಸಿಕ್ಕಿದ್ದು ತಿನ್ನುತ್ತೆ, ಅಷ್ಟೇ. ಮಗೂಗೆ ಬುದ್ಧಿ ಹೇಳೋ ಮುಂಚೆ ಮನೇನ ಸರಿ ಮಾಡ್ಕೊಳ್ಳಿ.

ಒಂದು, ಜಾಗ ಬದಲಿಸಿ. ತೊಳೆದ ಹಣ್ಣು ಮಗುವಿನ ಕೈಗೆಟುಕೋ ಕಡೆ, ಕುರುಕಲು ಕಣ್ಣಿಗೆ ಬೀಳದ ಕಡೆ.

ಎರಡು, ಸಾಮಾನು ತರೋವಾಗ ಪ್ಯಾಕೆಟ್ ತಿರುಗಿಸಿ ಓದಿ. ಯಾವುದು ಜಾಸ್ತಿ ಇದ್ಯೋ ಅದರ ಹೆಸರನ್ನೇ ಮೊದಲು ಹಾಕ್ಬೇಕು ಅಂತ ರೂಲ್ ಇದೆ, ಹಾಗಾಗಿ ಮೊದಲ ಮೂರರಲ್ಲಿ ಮೈದಾ, ಸಕ್ಕರೆ, ಪಾಮ್ ಎಣ್ಣೆ ಕಂಡ್ರೆ ಮುಂದೆ ಓದೋದೇ ಬೇಡ, ವಾಪಸ್ ಇಡಿ. ಮೇಲೆ "ಮಲ್ಟಿಗ್ರೇನ್" ಅಂತ ಎಷ್ಟು ದಪ್ಪಗೆ ಬರೆದಿದ್ರೂ ಸರಿ. ಹಾಲಿಗೆ ಹಾಕೋ ಚಾಕ್ಲೇಟ್ ಪುಡಿಗಳ ಕಥೆನೂ ಇದೇ, ಇಂಥವನ್ನ "ಹೆಲ್ತ್ ಡ್ರಿಂಕ್" ಪಟ್ಟಿಯಿಂದ ತೆಗೀರಿ ಅಂತ 2024ರ ಏಪ್ರಿಲ್‌ನಲ್ಲಿ ಕೇಂದ್ರ ಸರ್ಕಾರವೇ ಆನ್‌ಲೈನ್ ಅಂಗಡಿಗಳಿಗೆ ಹೇಳ್ಬೇಕಾಯ್ತು. ಹೊರಗಿನಿಂದ ಸೇರೋ ಸಕ್ಕರೆ ದಿನದ ಕ್ಯಾಲೊರಿಯ 10 ಪರ್ಸೆಂಟ್ ದಾಟಬಾರದು, 5ರ ಒಳಗಿದ್ರೆ ಇನ್ನೂ ಒಳ್ಳೇದು ಅಂತ ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲೇ ಹೇಳಿದೆ. ದಿನಕ್ಕೆ 1300 ಕ್ಯಾಲೊರಿ ತಿನ್ನೋ ಮಗೂಗೆ ಆ 5 ಪರ್ಸೆಂಟ್ ಅಂದ್ರೆ ಸುಮಾರು 16 ಗ್ರಾಂ, ನಾಲ್ಕು ಟೀಚಮಚ. ಹಾಲಿಗೆ ಎರಡು ಚಮಚ, ಜೊತೆಗೆ ನಾಲ್ಕು ಕ್ರೀಮ್ ಬಿಸ್ಕೆಟ್ ಅಂದ್ರೆ ಲೆಕ್ಕ ಮುಗೀತು.

ಮೂರು, ಟೈಮ್ ಫಿಕ್ಸ್ ಮಾಡಿ. ಸಂಜೆ ನಾಲ್ಕೂವರೆಗೆ ತಿಂಡಿ, ಆಮೇಲೆ ರಾತ್ರಿ ಊಟದ ತನಕ ಬೇರೆ ತಿಂಡಿ ಬಾಯಾಡ್ಸೋದು ಬಂದ್.

ನಾಲ್ಕನೇದೇ ಎಲ್ಲರೂ ಮುಗ್ಗರಿಸೋ ಜಾಗ. ಹೆಸರುಕಾಳು ಉಸ್ಲಿ ಇಟ್ರಿ, ಮಗು "ಥೂ, ಬೇಡ" ಅಂತು. ನಮ್ಮವರು ಮೊದಲು ಗೋಗರೀತಾರೆ, ಆಮೇಲೆ "ಇದು ತಿಂದ್ರೆ ಚಾಕ್ಲೇಟ್" ಅಂತಾರೆ, ಕೊನೆಗೆ ಸಾಕಾಗಿ ನೂಡಲ್ಸ್ ಮಾಡಿ ಕೊಡ್ತಾರೆ, ಹತ್ತು ನಿಮಿಷ ಅತ್ರೆ ನೂಡಲ್ಸ್ ಬರುತ್ತೆ ಅಂತ ಮಗು ಪಾಠ ಕಲಿಯುತ್ತೆ. ಚಾಕ್ಲೇಟ್ ಲಂಚ ಅಂತೂ ಬೇಡವೇ ಬೇಡ. ಅಮೆರಿಕದ ಲೀಆನ್ ಬರ್ಚ್ ಅನ್ನೋ ಸಂಶೋಧಕಿ ಮತ್ತು ಸಂಗಡಿಗರು 1984ರಲ್ಲಿ, ಇದನ್ನ ಕುಡಿದ್ರೆ ಬಹುಮಾನ ಅಂತ ಒಂದು ಹೊಸ ಪಾನೀಯ ಮಕ್ಕಳಿಗೆ ಕೊಟ್ಟು ನೋಡಿದ್ರೆ, ಆ ಪಾನೀಯದ ಮೇಲಿನ ಇಷ್ಟವೇ ಕಮ್ಮಿ ಆಗಿತ್ತು.

ಹಾಗಾದ್ರೆ ಏನ್ ಮಾಡೋದು? "ಏನ್ ಬೇಕು ಪುಟ್ಟ?" ಅಂತ ಕೇಳ್ಬೇಡಿ, "ಉಸ್ಲಿನಾ, ಬಾಳೆಹಣ್ಣಾ?" ಅಂತ ಕೇಳಿ. ಎರಡೇ ಚಮಚ ಬಡಿಸಿ. ಪಕ್ಕದಲ್ಲಿ ಕೂತು ನೀವೂ ಅದನ್ನೇ ತಿನ್ನಿ, ಫೋನ್ ಇಲ್ದೆ, ಉಸ್ಲಿಯ ಗುಣಗಾನನೂ ಇಲ್ದೆ, ಸ್ಕೂಲಲ್ಲಿ ಏನಾಯ್ತು ಅಂತ ಮಾತಾಡ್ತಾ. ಇಪ್ಪತ್ತು ನಿಮಿಷ ಆದ್ಮೇಲೆ ತಟ್ಟೆ ಎತ್ತಿಡಿ, ಮುಖ ಸಿಂಡರಿಸ್ಬೇಡಿ. ಆರು ಗಂಟೆಗೆ ಹಸಿವು ಅಂತ ಬಂದ್ರೆ ಅದೇ ಉಸ್ಲಿ ಅಥವಾ ಬಾಳೆಹಣ್ಣು, ಬೇಡ ಅಂದ್ರೆ ಊಟ ಸ್ವಲ್ಪ ಬೇಗ ಬಡಿಸಿ. ಆರೋಗ್ಯವಾಗಿರೋ ಮಗು ಒಂದು ಸಂಜೆ ತಿಂಡಿ ಬಿಟ್ರೆ ಏನೂ ಆಗಲ್ಲ (ತೂಕನೇ ಏರ್ತಿಲ್ಲ ಅಂದ್ರೆ ಮಾತ್ರ ಡಾಕ್ಟರ್ ಹತ್ರ ಹೋಗಿ). ಎರಡು ದಿನ ಬಿಟ್ಟು ಮತ್ತೆ ಇಡಿ, ಒಂದ್ಸಲ ನಿಂಬೆಹುಳಿ ಹಿಂಡಿ, ಇನ್ನೊಂದ್ಸಲ ಕಾಯಿತುರಿ ಜಾಸ್ತಿ ಹಾಕಿ. ಹೊಸ ರುಚಿ ಒಗ್ಗೋಕೆ ಎಷ್ಟೋ ಮಕ್ಕಳಿಗೆ ಎಂಟು ಹತ್ತು ಸಲ ಬೇಕು, ಕೆಲವರಿಗೆ ಹದಿನೈದು, ನಾವೋ ಮೂರನೇ ಸಲಕ್ಕೇ "ಇವನಿಗೆ ಕಾಳು ಸೇರಲ್ಲ" ಅಂತ ತೀರ್ಮಾನ ಕೊಟ್ಟುಬಿಡ್ತೀವಿ, ಅದೂ ಅವನ ಎದುರಿಗೇ.

ಇನ್ನು ಕೆಲವರು ಇದ್ದಾರೆ, ಚಿಪ್ಸ್ ತಂದು ಬೀಗ ಹಾಕಿ ಇಡ್ತಾರೆ. ಇದೇ ಬರ್ಚ್ ಮತ್ತು ಜೆನಿಫರ್ ಫಿಶರ್ 1999ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಕಣ್ಣೆದುರಿಗೇ ಇಟ್ಟು ತಡೆದ ತಿಂಡಿ ಮೇಲೇ ಮಕ್ಕಳ ಆಸೆ ಹೆಚ್ಚಾಗಿತ್ತು. ಬೇಡದ್ದನ್ನ ಮನೆಗೇ ತರ್ಬೇಡಿ, ತಂದ್ರೆ ಎಲ್ಲರೂ ಕೂತು ತಿಂದು ಮುಗಿಸಿ.

ಐದು, ದೊಡ್ಡವರು. ರಾತ್ರಿ ಮ್ಯಾಚ್ ನೋಡ್ತಾ ಅಪ್ಪ ಮಿಕ್ಸ್ಚರ್ ಪ್ಯಾಕೆಟ್ ಹರಿದ್ರೆ ಮೇಲಿನ ನಾಲ್ಕೂ ದಂಡ. ಅಜ್ಜಿ ಬಿಸ್ಕೆಟ್ ಕೊಡ್ತಾರೆ ಅಂತ ಮಗು ಎದುರಿಗೆ ಜಗಳ ಆಡ್ಬೇಡಿ, "ಅತ್ತೆ, ನಿಮ್ಮ ಕೈ ರುಚಿ ನಂಗೆ ಬರಲ್ಲ, ಸಂಜೆ ಅವಲಕ್ಕಿ ಒಗ್ಗರಣೆ ನೀವೇ ಮಾಡಿ" ಅಂತ ಕೆಲಸ ಒಪ್ಪಿಸಿ.

ಐದು ವರ್ಷದೊಳಗಿನ ಮಕ್ಕಳಿಗೆ ಇಡೀ ಕಡಲೆಬೀಜ, ಹುರಿಗಡಲೆ ಕೊಡ್ಬೇಡಿ, ಗಂಟಲಿಗೆ ಸಿಕ್ಕುತ್ತೆ, ಪುಡಿ ಮಾಡಿ ಬೆಲ್ಲದ ಜೊತೆ ಕೊಡಿ. ಬರ್ತ್‌ಡೇ ಪಾರ್ಟಿಗೆ ಹೋದಾಗ ಮಾತ್ರ ಸುಮ್ನೆ ಬಿಟ್ಟುಬಿಡಿ, ಅಲ್ಲಿ ಕೇಕ್ ತಟ್ಟೆ ಕಸ್ಕೊಳ್ಳೋ ಅಮ್ಮ ನೀವಾಗ್ಬೇಡಿ.