ಮಣ್ಣಿನ ಮೇಲೆ ಎಂ.ಎಸ್ಸಿ. ಮಾಡಬೇಕು ಅನ್ನೋರಿಗೆ: ಮೊದಲು ಹೊಲ, ಆಮೇಲೆ ಲ್ಯಾಬ್

ಗಂಗಾವತಿ ಕಡೆ ಯಾವುದಾದರೂ ಚಹಾ ಅಂಗಡಿಯಲ್ಲಿ ಕೂತು "ನಾನು ಮಣ್ಣಿನ ಬಗ್ಗೆ ಓದ್ತಾ ಇದೀನಿ" ಅಂತ ಹೇಳಿ ನೋಡಿ. ಒಬ್ಬರು ನಗುತ್ತಾರೆ. ಪಕ್ಕದಲ್ಲಿ ಕೂತವರು ಮಾತ್ರ ಲೋಟ ಕೆಳಗಿಟ್ಟು "ನಮ್ಮ ಎರಡೆಕರೆ ಚೌಳು ಹಿಡಿದದ, ಏನ್ ಹಾಕ್ಬೇಕು?" ಅಂತ ಕೇಳುತ್ತಾರೆ. ಚೌಳು ಅಂದರೆ ಉಪ್ಪು ಅಥವಾ ಸೋಡಿಯಂ ಸೇರಿ ಕೆಟ್ಟ ಮಣ್ಣು. ಆ ಪ್ರಶ್ನೆಗೆ ನೇರ ಉತ್ತರ ಕೊಡುವಷ್ಟು ಕಲಿತರೆ ಎರಡು ವರ್ಷದ ಓದು ಸಾರ್ಥಕ. ಅದಕ್ಕೆ ಏನು ಮಾಡಬೇಕು, ನಾನು ಎಲ್ಲಿ ಎಡವಿದೆ ಅನ್ನೋದನ್ನ ಇಲ್ಲಿ ಬರೆಯುತ್ತಿದ್ದೇನೆ.

ಪ್ರವೇಶದ ವಿಷಯ ಬೇಗ ಮುಗಿಸೋಣ. ಬಿ.ಎಸ್ಸಿ. ಕೃಷಿ ಮುಗಿಸಿದವರಿಗೆ ಮಣ್ಣು ವಿಜ್ಞಾನದ ಎಂ.ಎಸ್ಸಿ., ಕೃಷಿ ಎಂಜಿನಿಯರಿಂಗ್ ಮುಗಿಸಿದವರಿಗೆ ಮಣ್ಣು ಮತ್ತು ನೀರಿನ ಎಂ.ಟೆಕ್. ನಮ್ಮ ಭಾಗದಲ್ಲಿ ರಾಯಚೂರು ಕೃಷಿ ವಿಶ್ವವಿದ್ಯಾಲಯ ಇದೆ, 2009ರಲ್ಲಿ ಧಾರವಾಡದಿಂದ ಬೇರೆಯಾಗಿದ್ದು. ರಾಜ್ಯದ ಸೀಟು ಬೇರೆ, ಐಸಿಎಆರ್ (ಭಾರತೀಯ ಕೃಷಿ ಸಂಶೋಧನಾ ಪರಿಷತ್ತು) ಪರೀಕ್ಷೆಯ ಮೂಲಕ ಸಿಗುವ ಸೀಟು ಬೇರೆ, ಎರಡಕ್ಕೂ ಅರ್ಜಿ ಹಾಕಿ. ಮಾಮೂಲಿ ಬಿ.ಎಸ್ಸಿ. ಮಾಡಿದವರು ಭೂಗೋಳ ಅಥವಾ ಪರಿಸರ ವಿಜ್ಞಾನದ ಕಡೆಯಿಂದ ಈ ವಿಷಯಕ್ಕೆ ಬರಬಹುದು. ನಿಯಮ ವರ್ಷ ವರ್ಷ ಬದಲಾಗುತ್ತದೆ, ಆ ವರ್ಷದ ಅಧಿಸೂಚನೆ ಓದದೆ ಸೀನಿಯರ್ ಮಾತು ನಂಬಬೇಡಿ.

ಈಗ ಅಸಲಿ ವಿಷಯ. ಸೀಟು ಸಿಕ್ಕ ದಿನದಿಂದ ಕ್ಲಾಸು ಶುರುವಾಗುವವರೆಗೆ ಸುಮ್ನೆ ಕೂರಬೇಡಿ, ಒಂದು ಬೈಕು ಹಿಡಿದು ಸುತ್ತಾಡಿ. ಬಳ್ಳಾರಿ, ಕೊಪ್ಪಳ, ರಾಯಚೂರು, ನಮ್ಮ ಈ ಮೂರು ಜಿಲ್ಲೆಯಲ್ಲಿ ನೋಡೋಕೆ ಸಿಗುವಷ್ಟು ಬಗೆಯ ತೊಂದರೆ ಇನ್ನೊಂದು ಕಡೆ ಹುಡುಕಿದರೂ ಸಿಗೋದು ಕಷ್ಟ! ಬಳ್ಳಾರಿ ಸುತ್ತಿನ ಎರೆ (ಕಪ್ಪು ಮಣ್ಣಿನ) ಹೊಲಗಳನ್ನ ಮುಂಗಾರಿನಲ್ಲಿ ಖಾಲಿ ಬಿಟ್ಟು ಹಿಂಗಾರಿಗೆ ಜೋಳ, ಕಡಲೆ ಬಿತ್ತುತ್ತಾರೆ, ಆ ಖಾಲಿ ಹೊಲದ ಮೇಲೆ ಜೋರು ಮಳೆ ಬಿದ್ದರೆ ನೀರು ಇಂಗದೆ ಮಣ್ಣನ್ನೇ ಎತ್ತಿಕೊಂಡು ಹೋಗುತ್ತದೆ. ಚೌಕು ಮಡಿ, ಅಂದರೆ ನೀರು ನಿಲ್ಲಿಸಲು ಹೊಲದೊಳಗೆ ಸಣ್ಣ ಬದುಗಳ ಚೌಕ, ಯಾಕೆ ಕಟ್ಟುತ್ತಾರೆ ಅಂತ ಆಗ ಗೊತ್ತಾಗುತ್ತದೆ. ಇದರ ಮೇಲೆ ಬಳ್ಳಾರಿಯ ಮಣ್ಣು ಮತ್ತು ಜಲ ಸಂರಕ್ಷಣಾ ಸಂಶೋಧನಾ ಕೇಂದ್ರ 1954ರಿಂದ ಕೆಲಸ ಮಾಡುತ್ತಿದೆ. ಕುಷ್ಟಗಿ, ಯಲಬುರ್ಗಾ ಕಡೆ ಹೋದರೆ ಮಸಾರಿ (ಕೆಂಪು ಮಣ್ಣು) ಸಿಗುತ್ತದೆ, ಅದರ ಕಥೆಯೇ ಬೇರೆ. ಸಂಡೂರಿನಲ್ಲಿ ಗಣಿ. ಇನ್ನು ಸಿರುಗುಪ್ಪ, ಗಂಗಾವತಿ, ಸಿಂಧನೂರು ಅಂದರೆ ಕಾಲುವೆ, ಭತ್ತ, ಚೌಳು. ತುಂಗಭದ್ರಾ ಯೋಜನೆ ಮಾಡಿದಾಗ ಕಡಿಮೆ ನೀರಿನ ಬೆಳೆ ಜಾಸ್ತಿ ಇರಬೇಕು ಅಂತ ಲೆಕ್ಕ ಹಾಕಿದ್ದರು. ನೀರು ಬಂದ ಮೇಲೆ ಮೇಲ್ಭಾಗದವರು ಭತ್ತ ಹಚ್ಚಿದರು, ಕೊನೆ ಭಾಗದ ರೈತರಿಗೆ ನೀರೇ ಮುಟ್ಟಲ್ಲ. ಮೇಲೆ ನೀರು ನಿಂತು ಮಣ್ಣು ಕೆಡುತ್ತದೆ, ಕೆಳಗೆ ನೀರಿಲ್ಲದೆ ಬೆಳೆ ಕೆಡುತ್ತದೆ. ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರದಲ್ಲಿ ಈ ಉಪ್ಪು ಮಣ್ಣಿನ ಮೇಲೇ ಕೆಲಸ ನಡೆಯುತ್ತದೆ, ಒಮ್ಮೆ ಹೋಗಿ ನೋಡಿ.

ಹೀಗೆ ಸುತ್ತುವಾಗ ಒಂದು ನೋಟ್‌ಬುಕ್ ಇಟ್ಟುಕೊಳ್ಳಿ. ಒಂದು ಕಡೆ ರೈತರ ಮಾತು, ಇನ್ನೊಂದು ಕಡೆ ಪುಸ್ತಕದ ಹೆಸರು. ಎರೆ ಅಂದರೆ ವರ್ಟಿಸಾಲ್, ಹೀಗೆ. ನಾನು ಕನ್ನಡ ಮೀಡಿಯಂನಿಂದ ಬಂದವನು, ಮೊದಲ ಸೆಮಿಸ್ಟರ್‌ನಲ್ಲಿ ಆ ನೋಟ್‌ಬುಕ್ಕೇ ನನ್ನನ್ನ ಉಳಿಸಿದ್ದು.

ಪ್ರಬಂಧದ ವಿಷಯ ಚಿಕ್ಕದಿರಲಿ. "ತುಂಗಭದ್ರಾ ಅಚ್ಚುಕಟ್ಟಿನ ಸುಸ್ಥಿರ ಮಣ್ಣು ನಿರ್ವಹಣೆ" ಅಂತ ಬರೆದುಕೊಂಡು ಹೋದರೆ ಗೈಡ್ ನಗುತ್ತಾರೆ, ನಗಲೇಬೇಕು. ಒಂದು ವಿತರಣಾ ಕಾಲುವೆ ತೆಗೆದುಕೊಳ್ಳಿ. ಅದರ ತಲೆ, ನಡು, ಕೊನೆ, ಮೂರು ಕಡೆ ಉಪ್ಪು ಹೇಗೆ ಬದಲಾಗುತ್ತದೆ ಅಂತ ನೋಡಿ. ಇಷ್ಟು ಸಾಕು. ಇದೇ ಭಾಗದ ಮೇಲೆ ಹಿಂದೆ ಯಾರು ಏನು ಮಾಡಿದ್ದಾರೆ ಅಂತ ಕೃಷಿಕೋಶ್ ಜಾಲತಾಣದಲ್ಲಿ ಹುಡುಕಿ, ಕೃಷಿ ವಿಶ್ವವಿದ್ಯಾಲಯಗಳ ಹಳೆಯ ಪ್ರಬಂಧಗಳು ಅಲ್ಲಿ ಸಿಗುತ್ತವೆ. ರಾಜ್ಯದ ಜಲಾನಯನ ಯೋಜನೆ ಸುಜಲಾ-3ರಲ್ಲಿ ಕಿರು ಜಲಾನಯನಗಳ ಮಣ್ಣಿನ ನಕ್ಷೆ ಮಾಡಿದ್ದಾರೆ, ಕೊಪ್ಪಳದ್ದೂ ಇದೆ, ಸರ್ವೆ ನಂಬರ್ ಮಟ್ಟದಲ್ಲಿ ನೋಡಬಹುದು. ಅದನ್ನ ಬಿಟ್ಟು ಹೊಸದಾಗಿ ನಕ್ಷೆ ಮಾಡ್ತೀನಿ ಅಂತ ಹೊರಡಬೇಡಿ.

ಮಾದರಿ ತೆಗೆಯೋದು ಸುಲಭದ ಕೆಲಸ ಅಂದುಕೊಂಡಿದ್ದೆ. ಮೊದಲ ಬಾರಿ ಮನೆಯಲ್ಲಿದ್ದ ಹಳೇ ಗೊಬ್ಬರದ ಚೀಲ ತೊಳೆದು ಅದರಲ್ಲೇ ಮಣ್ಣು ತುಂಬಿಕೊಂಡು ಬಂದೆ. ಫಲಿತಾಂಶ ಬಂದಾಗ ಪೊಟ್ಯಾಶ್ ಎಲ್ಲೆಲ್ಲೂ ಆಕಾಶಕ್ಕೆ! ಎರಡು ದಿನ ಖುಷಿಯಲ್ಲಿದ್ದೆ, ಏನೋ ಹೊಸದು ಕಂಡುಹಿಡಿದೆ ಅಂತ. ಆಮೇಲೆ ಲ್ಯಾಬ್ ಸಹಾಯಕರು "ಯಾವ ಚೀಲದಾಗ ತಂದಿ?" ಅಂತ ಕೇಳಿದರು. ಅರವತ್ತು ಮಾದರಿ ಮತ್ತೆ ತೆಗೆದೆ, ಮೇ ತಿಂಗಳ ಬಿಸಿಲಲ್ಲಿ.

ಹಾಗಾಗಿ ಹೊಸ ಚೀಲ, ಪ್ಲಾಸ್ಟಿಕ್ ಬಕೆಟ್. ಸತು, ಕಬ್ಬಿಣ ನೋಡುವುದಿದ್ದರೆ ತುಕ್ಕು ಹಿಡಿದ ಸಲಿಕೆ ಬೇಡ. ಬದು, ಗೊಬ್ಬರದ ಗುಡ್ಡೆ, ಮರದ ಬುಡ ಬಿಟ್ಟು ಹೊಲದಲ್ಲಿ ಅಡ್ಡಾದಿಡ್ಡಿ ನಡೆದು 15 ಕಡೆಯಾದರೂ ತೆಗೆಯಿರಿ, ಕಲಸಿ ಅರ್ಧ ಕಿಲೋಗೆ ಇಳಿಸಿ, ನೆರಳಲ್ಲಿ ಒಣಗಿಸಿ. ಚೌಳು ಹೊಲದಲ್ಲಿ ಇಷ್ಟಕ್ಕೇ ನಿಲ್ಲಬಾರದು, 90 ಸೆಂ.ಮೀ.ವರೆಗೆ ಪದರ ಪದರವಾಗಿ ತೆಗೆಯಬೇಕು, ಮೇಲೆ ಕಾಣುವ ಬಿಳಿ ಪುಡಿಯನ್ನ ಬೇರೆ ಇಡಬೇಕು. ಕಾಲುವೆ ಬಂದ್ ಆದ ಮೇಲೆ, ಮುಂಗಾರಿಗೆ ಮುಂಚೆ ಹೋಗಿ. ಆಗ ಉಪ್ಪು ಮೇಲೆ ಬಂದಿರುತ್ತದೆ.

ಲ್ಯಾಬ್‌ನಲ್ಲಿ ಮೂರು ಕಡೆ ಹುಷಾರು. ಒಂದು, ಇ.ಸಿ. (ಉಪ್ಪು ಎಷ್ಟಿದೆ ಅಂತ ತೋರಿಸುವ ವಿದ್ಯುತ್ ವಾಹಕತೆ) 4 ಡಿ.ಎಸ್./ಮೀ. ದಾಟಿದರೆ ಉಪ್ಪು ಮಣ್ಣು ಅನ್ನೋದು ನೀರು ತುಂಬಿಸಿ ಕೆಸರು ಮಾಡಿ ಹಿಂಡಿ ತೆಗೆದ ದ್ರಾವಣದ ಲೆಕ್ಕ. ನಾವು ಸಾಮಾನ್ಯವಾಗಿ ಒಂದಕ್ಕೆ ಎರಡೂವರೆ ಪಟ್ಟು ನೀರು ಹಾಕಿ ಅಳೆಯುತ್ತೇವೆ, ಅದು ತೆಳು, ಸಂಖ್ಯೆ ಕಡಿಮೆ ಬರುತ್ತದೆ. ಎರಡನ್ನೂ ಹೋಲಿಸಿ "ಉಪ್ಪಿಲ್ಲ" ಅಂತ ಬರೆದವರನ್ನ ನೋಡಿದ್ದೇನೆ. ಎರಡು, ವಾಕ್ಲಿ-ಬ್ಲ್ಯಾಕ್ ವಿಧಾನದಲ್ಲಿ ಇಂಗಾಲ ನೋಡುವಾಗ ಕ್ಲೋರೈಡ್ ಜಾಸ್ತಿ ಇದ್ದರೆ ಇಂಗಾಲವೂ ಜಾಸ್ತಿ ಇದ್ದ ಹಾಗೆ ಕಾಣುತ್ತದೆ, ಅದಕ್ಕೆ ಸಿಲ್ವರ್ ಸಲ್ಫೇಟ್ ಬೇಕು. ಎರೆ ಮಣ್ಣು ಕಪ್ಪಗಿದೆ ಅಂತ ಇಂಗಾಲ ಜಾಸ್ತಿ ಅಂದುಕೊಳ್ಳಬೇಡಿ, ನಮ್ಮ ಕಡೆ ಅದು ಕಡಿಮೆಯೇ. ಮೂರು, ನಮ್ಮ ಕ್ಷಾರ ಮಣ್ಣಿಗೆ ರಂಜಕ ನೋಡಲು ಓಲ್ಸನ್ ವಿಧಾನ. ಬ್ರೇ ವಿಧಾನ ಹುಳಿ ಮಣ್ಣಿಗೆ.

ಅಂಕಿಅಂಶಕ್ಕೆ ಆರ್, ನಕ್ಷೆಗೆ ಕ್ಯೂಜಿಐಎಸ್, ಈ ಎರಡೂ ಸಾಫ್ಟ್‌ವೇರ್ ಉಚಿತ, ಮೊದಲ ವರ್ಷವೇ ಕಲಿಯಿರಿ. ಕೊನೆಯ ಸೆಮಿಸ್ಟರ್‌ನಲ್ಲಿ ಕಲಿಯೋಕೆ ಕೂತರೆ ಅಳುತ್ತೀರಿ.

ಚಹಾ ಅಂಗಡಿಯ ಪ್ರಶ್ನೆಗೆ ವಾಪಸ್ ಬರುತ್ತೇನೆ. ಅದಕ್ಕೆ ಉತ್ತರ "ಜಿಪ್ಸಂ ಹಾಕಿ" ಅಂತ ಅಲ್ಲ. ಬರೀ ಉಪ್ಪಿದ್ದರೆ ಒಳ್ಳೆ ನೀರು ಕಟ್ಟಿ ತೊಳೆದರೆ ಸಾಕು, ಜಿಪ್ಸಂ ದಂಡ. ಸೋಡಿಯಂ ಹಿಡಿದಿದ್ದರೆ, ಅಂದರೆ ಇ.ಎಸ್.ಪಿ. (ಮಣ್ಣಿನ ಕಣಕ್ಕೆ ಅಂಟಿದ ಸೋಡಿಯಂನ ಶೇಕಡಾ ಪಾಲು) 15 ದಾಟಿದ್ದರೆ ಜಿಪ್ಸಂ ಬೇಕು. ಎರಡರಲ್ಲೂ ತೊಳೆದ ನೀರು ಹೊಲದಿಂದ ಹೊರಗೆ ಹೋಗಲು ಬಸಿಗಾಲುವೆ ಇರಲೇಬೇಕು, ಇಲ್ಲದಿದ್ದರೆ ಹಾಕಿದ ದುಡ್ಡು ಅಲ್ಲೇ ನಿಲ್ಲುತ್ತದೆ. ಆದ್ದರಿಂದ ಮಾದರಿ ಕೊಟ್ಟ ಪ್ರತಿ ರೈತರಿಗೂ ಅವರ ಹೊಲದ ಫಲಿತಾಂಶವನ್ನ ಕನ್ನಡದಲ್ಲಿ ಒಂದು ಹಾಳೆಯಲ್ಲಿ ಬರೆದು ಕೊಡಿ, ಕಾಲುವೆಗೆ ನೀರು ಬಿಡುವ ಮುಂಚೆ. ಆಮೇಲೆ ಕೊಟ್ಟರೆ ಅವರು ಅಷ್ಟೊತ್ತಿಗೆ ಭತ್ತ ಹಚ್ಚಿರುತ್ತಾರೆ.