ಟೇಬಲ್ ಫ್ಯಾನ್ ಬುಷ್‌ಗೆ ಎಣ್ಣೆ ಬಿಡುವುದು ಹೇಗೆ?

ಸ್ವಿಚ್ ಹಾಕಿದರೆ ಫ್ಯಾನ್ ಗುಂಯ್ ಅನ್ನುತ್ತದೆ, ತಿರುಗುವುದಿಲ್ಲ. ಮೋಟರ್ ಹೋಯ್ತು ಎಂದು ಗುಜರಿಗೆ ಹಾಕಬೇಡಿ. ಬುಷ್ ಒಣಗಿದ್ದರೂ ಹೀಗೇ ಆಗುತ್ತದೆ.

ಬುಷ್ ಎಂದರೆ ಬಾಲ್‌ಗಳಿಲ್ಲದ ಬೇರಿಂಗ್. ಶಾಫ್ಟ್, ಅಂದರೆ ರೆಕ್ಕೆ ಕೂರುವ ಸರಳು, ನೇರವಾಗಿ ಅದರೊಳಗೆ ತಿರುಗುತ್ತದೆ. ಫ್ಯಾನ್‌ಗಳಲ್ಲಿ ಸಾಮಾನ್ಯವಾಗಿ ಕಂಚಿನ ಪುಡಿಯನ್ನು ಒತ್ತಿ, ಕಾಯಿಸಿ ಮಾಡಿದ ಬುಷ್ ಇರುತ್ತದೆ. ಅದರ ಮೈಯೆಲ್ಲ ಸೂಕ್ಷ್ಮ ತೂತುಗಳು. ಸ್ಪಂಜಿನ ಹಾಗೆ ಎಣ್ಣೆ ಹೀರಿಕೊಂಡಿರುತ್ತದೆ. ತಿರುಗುವ ಶಾಫ್ಟ್ ಎಣ್ಣೆಯನ್ನು ತನ್ನಡಿಗೆ ಎಳೆದುಕೊಳ್ಳುತ್ತದೆ, ಆ ಎಣ್ಣೆಯ ಪದರವೇ ಭಾರ ಹೊರುತ್ತದೆ. ಬ್ರಿಟನ್ನಿನ ಬೀಚಮ್ ಟವರ್ ಎಂಬ ಎಂಜಿನಿಯರ್ ಬೇರಿಂಗ್‌ನ ಮೇಲ್ಭಾಗದಲ್ಲಿ ತೂತು ಕೊರೆದಾಗ ಎಣ್ಣೆ ಮೇಲಕ್ಕೆ ಉಕ್ಕಿತು. ಬಿರಡೆ ಜಡಿದರೂ ಅದನ್ನೇ ಹೊರಗೆ ತಳ್ಳಿತು! ಅವರು ಇದನ್ನು ವರದಿ ಮಾಡಿದ್ದು 1883ರಲ್ಲಿ. ಎಣ್ಣೆಯ ಒತ್ತಡಕ್ಕೆ ಅಷ್ಟು ಶಕ್ತಿ.

ಮೊದಲು ಪ್ಲಗ್ ಕಿತ್ತು, ರೆಕ್ಕೆಯನ್ನು ಕೈಯಿಂದ ತಿರುಗಿಸಿ. ಸಲೀಸಾಗಿ ತಿರುಗಿದರೆ ಕೆಪಾಸಿಟರ್ (ಮೋಟರ್ ಶುರುವಾಗಲು ನೆರವಾಗುವ ಬಿಡಿಭಾಗ) ಮೇಲೆ ಅನುಮಾನ ಪಡಿ. ಬಿಗಿಯಾಗಿದ್ದರೆ ಬುಷ್ ಒಣಗಿದೆ. ಶಾಫ್ಟನ್ನು ಅಡ್ಡಡ್ಡ ಅಲ್ಲಾಡಿಸಿದಾಗ ಲಟಲಟ ಅಂದರೆ ಬುಷ್ ಸವೆದಿದೆ, ಬದಲಿಸಲೇಬೇಕು. ಹಿಂದೆ ಮುಂದೆ ಸ್ವಲ್ಪ ಆಡಿದರೆ ಪರವಾಗಿಲ್ಲ.

ಜಾಲರಿ ತೆಗೆಯಿರಿ. ರೆಕ್ಕೆಯ ಮುಂದಿನ ನಟ್ ಎಷ್ಟೋ ಫ್ಯಾನ್‌ಗಳಲ್ಲಿ ಉಲ್ಟಾ ತಿರುಪಿನದು, ಗಡಿಯಾರದ ಮುಳ್ಳಿನ ದಿಕ್ಕಿಗೆ ತಿರುಗಿಸಿದರೆ ಸಡಿಲವಾಗುತ್ತದೆ. ಹಿಂದಿನ ಕವರ್, ಆಮೇಲೆ ಮೋಟರ್ ಸ್ಕ್ರೂಗಳನ್ನು ಬಿಚ್ಚಿ. ಕೆಪಾಸಿಟರ್‌ನ ತುದಿಗಳನ್ನು ಮುಟ್ಟಬೇಡಿ, ಅದರಲ್ಲಿ ಕರೆಂಟ್ ಉಳಿದಿರಬಹುದು.

ಶಾಫ್ಟಿಗೆ ಸುತ್ತಿದ ಕೂದಲು, ದೂಳು ತೆಗೆದು, ಸೀಮೆಎಣ್ಣೆ ಅದ್ದಿದ ಬಟ್ಟೆಯಿಂದ ಒರೆಸಿ. ವೈಂಡಿಂಗ್‌ಗೆ (ಮೋಟರ್‌ನೊಳಗಿನ ತಂತಿಯ ಸುರುಳಿಗೆ) ತಾಗದಿರಲಿ. ಬುಷ್ ಸುತ್ತ ಫೆಲ್ಟ್, ಅಂದರೆ ದಪ್ಪ ಉಣ್ಣೆಬಟ್ಟೆಯಂಥ ತುಂಡು ಇರುತ್ತದೆ, ಎಣ್ಣೆ ದಾಸ್ತಾನು ಅದೇ. ಮುಂದೆ, ಹಿಂದೆ ಎರಡೂ ಕಡೆಯ ಫೆಲ್ಟಿಗೆ ಹೊಲಿಗೆ ಮೆಷಿನ್ ಎಣ್ಣೆಯನ್ನು ಹನಿಹನಿಯಾಗಿ ಬಿಡಿ. ಶಾಫ್ಟ್ ತಿರುಗಿಸುತ್ತಾ ಇರಿ. ಕೊಬ್ಬರಿ ಎಣ್ಣೆ ಖಂಡಿತ ಬೇಡ, ಆಮೇಲೆ ಅಂಟಾಗುತ್ತದೆ. ಗ್ರೀಸ್ ಹಚ್ಚಿದರೆ ಆ ಸಣ್ಣ ತೂತುಗಳೇ ಮುಚ್ಚಿಹೋಗುತ್ತವೆ.

ಹೊಸ ಬುಷ್ ಹಾಕುವುದಾದರೆ ಹಳೆಯದನ್ನೇ ಅಂಗಡಿಗೆ ಒಯ್ದು ಅಳತೆ ನೋಡಿ. ಬಿಗಿ ಅನ್ನಿಸಿದರೂ ಒಳಗೆ ಎಮರಿ ಪೇಪರ್ ಉಜ್ಜಬೇಡಿ. ಶಾಫ್ಟ್ ಮೇಲೆ ಗೀರು ಬಿದ್ದಿದ್ದರೆ ಹೊಸ ಬುಷ್ ಕೂಡ ಬೇಗ ಸವೆಯುತ್ತದೆ.

ಜೋಡಿಸುವಾಗ ಅವಸರ ಬೇಡ. ಮೋಟರ್ ಸ್ಕ್ರೂಗಳನ್ನು ಎದುರುಬದುರಾಗಿ ಸ್ವಲ್ಪ ಸ್ವಲ್ಪವೇ ಬಿಗಿ ಮಾಡಿ. ಪ್ರತಿ ಸಲವೂ ಶಾಫ್ಟ್ ತಿರುಗಿಸಿ ನೋಡಿ. ಬಿಗಿಯಾಯಿತಾ? ಸ್ಕ್ರೂಡ್ರೈವರ್ ಹಿಡಿಯಿಂದ ಮೋಟರ್ ಬಾಡಿಗೆ ಮೆಲ್ಲಗೆ ತಟ್ಟಿ. ಓರೆಯಾದ ಬುಷ್ ಸರಿಯಾಗಿ ಕೂರುತ್ತದೆ. ರೆಕ್ಕೆ, ಜಾಲರಿ ಹಾಕಿದ ಮೇಲಷ್ಟೇ ಪ್ಲಗ್ ಚುಚ್ಚಿ.